ಆವಿಗೆ ತಾಯಿಯ ನಾಲ್ಕನೆಯ ಮಾತು

ಎಲ್ಲರೂ ಕೂತಿರಾ? ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಎಳೆಯಿರಿ, ಅಕ್ಷರ ಸರಿಯಾಗಿ ಕಾಣುವುದಿಲ್ಲ. ಬೆಳಗಿನಿಂದ ದುಡಿದು ದಣಿದಿದ್ದೀರಿ, ನಾನೂ ದಣಿದಿದ್ದೇನೆ. ಆದರೂ ಅಕ್ಷತೆ ಹಿಡಿದು ಕೇಳಿ, ನಿದ್ದೆ ಬಂದವರು ಗೋಡೆಗೆ ಒರಗಿ ಕೇಳಿ.

ಪೂರ್ವಕಾಲದಲ್ಲಿ ಹೊಳೆಯ ದಡದಲ್ಲಿ ಕುಂಬಾರರ ಕೇರಿಯೊಂದಿತ್ತು. ಅಲ್ಲಿಯವರು ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಬೆಂಕಿ ಇಡುವ ಮುನ್ನ ಮಿಂದು ಮಡಿಯುಟ್ಟು, ಆವಿಗೆ ತಾಯಿಯ ಮುಂದೆ ದೀಪ ಹಚ್ಚಿ, ಕೇರಿಗೆ ಕೇರಿಯೇ ಕೂತು ನಾಲ್ಕು ಮಾತು ಹೇಳುತ್ತಿದ್ದರು. ಮಣ್ಣು ತಾಯಿಯದು ಎಂದು ನಂಬಿದ್ದೇವೆ. ಬೆಂಕಿ ತಾಯಿಯದು ಎಂದು ನಂಬಿದ್ದೇವೆ. ಬೆಂದದ್ದು ಎಲ್ಲರದು ಎಂದು ನಂಬಿದ್ದೇವೆ. ಒಡೆದದ್ದನ್ನು ತಾಯಿ ತಿರುಗಿ ಕಟ್ಟುತ್ತಾಳೆ ಎಂದು ನಂಬಿದ್ದೇವೆ. ಇಷ್ಟೇ ವ್ರತ, ಬೇರೆ ಆಡಂಬರ ಏನೂ ಇಲ್ಲ.

ಆ ಕೇರಿಯ ಯಜಮಾನ ಮಾರಶೆಟ್ಟಿ, ಅವನ ಹೆಂಡತಿ ಹೊನ್ನಾಜಿ. ಹೊನ್ನಾಜಿಗೆ ಭಕ್ತಿ ಬಹಳ, ಅದರ ಎರಡರಷ್ಟು ಜಂಭ. ಒಂದು ಶುಕ್ರವಾರ ಅವಳ ಪಕ್ಕದಲ್ಲಿ ಕೂತಿದ್ದ ಸಣ್ಣಕ್ಕನೆಂಬವಳು ಮೂರು ಮಾತು ಹೇಳಿ, ನಾಲ್ಕನೆಯದಕ್ಕೆ ಸುಮ್ಮನಾದಳು. ಸಣ್ಣಕ್ಕನ ಒಬ್ಬಳೇ ಮಗಳು ಜ್ವರ ಬಂದು ತೀರಿಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಯಾಕೆಂದು ಹೊನ್ನಾಜಿ ಕೇಳಿದ್ದಕ್ಕೆ, "ಬರ್ತಾ ಇಲ್ಲ ಅಕ್ಕ, ಹೇಳಿದರೆ ಸುಳ್ಳಾಗ್ತದೆ" ಅಂದಳು. ಅಯ್ಯೋ, ಅಷ್ಟು ಕೇಳಿ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಆ ಮಹಾತಾಯಿ! ನಂಬದವಳ ಮಡಕೆ ಸೇರಿದರೆ ಆವಿಗೆ ಕೆಡುತ್ತದೆಂದು, ಅವಳ ಹಸಿ ಮಡಕೆಗಳನ್ನು ಹೊರಗೆ ತೆಗೆಸಿ, ಅವಳನ್ನೂ ಎಬ್ಬಿಸಿ ಕಳಿಸಿ, ಇನ್ನು ಮೇಲೆ ಒಬ್ಬೊಬ್ಬರೇ ಎದ್ದು ನಿಂತು ಹೇಳತಕ್ಕದ್ದೆಂದು ಕಟ್ಟುಮಾಡಿದಳು.

ಒಬ್ಬರೇ ನಿಂತರೆ ಯಾರಿಗೆ ತಾನೇ ನಾಲಿಗೆ ಹೊರಳುತ್ತದೆ? ಮುದುಕನೊಬ್ಬ ಮರೆತ, ಹೊಸ ಸೊಸೆ ನಾಚಿದಳು, ಗಂಡನೊಡನೆ ಜಗಳವಾಡಿ ಬಂದವಳು ಅಳುವುದಕ್ಕೇ ಶುರುಮಾಡಿದಳು. ತಡವರಿಸಿದವರನ್ನೆಲ್ಲ ಹೊರಗೆ ಹಾಕುತ್ತ ಹಾಕುತ್ತ, ಕೊನೆಗೆ ದೀಪದ ಮುಂದೆ ಗಂಡ ಹೆಂಡತಿ ಇಬ್ಬರೇ ಉಳಿದರು. ತಾಯಿ ಮುನಿದಳು. ಸುಟ್ಟ ಮಡಕೆಯೆಲ್ಲ ಬಿರುಕುಬಿಟ್ಟು, ಮನೆಯಲ್ಲಿ ಗಂಜಿಗೂ ಗತಿಯಿಲ್ಲವಾಗಿ, ಅದೇ ಜ್ವರ ಮಾರಶೆಟ್ಟಿಗೂ ಬಂದು, ಅವನು ಹೆಂಡತಿಯ ಗುರುತೂ ಹಿಡಿಯದಂತಾದನು.

ಹೊನ್ನಾಜಿ ಒಬ್ಬಳೇ ವ್ರತಕ್ಕೆ ಕೂತಳು. ಮೂರು ಮಾತು ಬಂತು, ನಾಲ್ಕನೆಯದು ಬರಲಿಲ್ಲ. ಒಳಗೆ ಗಂಡ ನರಳುತ್ತಿದ್ದಾನೆ, ಅದನ್ನು ಕೇಳುತ್ತ ಹೇಗೆ ತಾನೇ ಹೇಳಿಯಾಳು?

ಆಗ ತಾಯಿಯು ಹಲ್ಲಿಲ್ಲದ ಮುದುಕಿಯ ವೇಷದಲ್ಲಿ, ಕೆಂಡ ಕೇಳುವ ನೆವದಿಂದ ಬಾಗಿಲಿಗೆ ಬಂದು, ಇವಳ ಅಳು ನೋಡಿ, "ಹುಚ್ಚಿ, ಎಲ್ಲರಿಗೂ ದಿನಾ ನಂಬಿಕೆ ಬರೋ ಹಾಗಿದ್ದರೆ ಇಷ್ಟು ಜನ ಒಟ್ಟಿಗೆ ಯಾಕೆ ಕೂರಬೇಕಿತ್ತು? ಮಾತು ಬಾರದವರು ಪಕ್ಕದವರ ಕೈ ಹಿಡೀಬೇಕು. ಪಕ್ಕದವರು ಎರಡು ಸಲ ಹೇಳಬೇಕು, ತಮಗೊಂದು, ಅವರಿಗೊಂದು. ಹೋಗು, ಕರಕೊಂಡು ಬಾ" ಎಂದು ವಿಧಿ ತಿಳಿಸಿ ಹೊರಟುಹೋದಳು.

ಹೊನ್ನಾಜಿ ಮನೆಮನೆಯ ಬಾಗಿಲಿಗೂ ಹೋಗಿ, ತಪ್ಪಾಯಿತೆಂದು ಕೈಮುಗಿದು, ಎಲ್ಲರನ್ನೂ ಕರೆತಂದಳು. ಸಣ್ಣಕ್ಕನ ಪಕ್ಕದಲ್ಲೇ ಕೂತು ಅವಳ ಕೈ ಹಿಡಿದಳು. ನಾಲ್ಕನೆಯ ಮಾತು ಬಂದಾಗ ಇಬ್ಬರಿಗೂ ಅದು ಬರಲಿಲ್ಲ. ಕೊನೆಗೆ ಸಣ್ಣಕ್ಕ, "ನನಗಾಗಿ ಹೇಳಲಾರೆ ಅಕ್ಕ, ನಿನಗಾಗಿ ಹೇಳ್ತೀನಿ" ಎಂದು, ಹೊನ್ನಾಜಿಯ ಪಾಲಿನದನ್ನು ಒಂದು ಸಲ ಹೇಳಿದಳು. ಅದನ್ನು ಕೇಳಿ ಹೊನ್ನಾಜಿಗೂ ಮಾತು ಬಂತು. ಅವಳು ಬಿಕ್ಕುತ್ತಲೇ ಸಣ್ಣಕ್ಕನ ಪಾಲಿನದನ್ನು ಹೇಳಿದಳು.

ಮಾರಶೆಟ್ಟಿ ಬೆವರಿ, ಎದ್ದು ಕೂತು, ಗಂಜಿ ಕೇಳಿದನು. ಆವಿಗೆ ಹದವಾಗಿ ಬೆಂದು ಕೇರಿ ಉಂಡು ಉಟ್ಟು ಸುಖವಾಗಿತ್ತು. ಸಣ್ಣಕ್ಕನ ಮಗಳು ಮಾತ್ರ ತಿರುಗಿ ಬರಲಿಲ್ಲ. ಬಂದಳೆಂದು ಓದಬೇಕೆಂದು ನನಗೂ ಪ್ರತಿ ವರ್ಷ ಆಸೆ, ಏನು ಮಾಡಲಿ, ಕಥೆಯಲ್ಲಿ ಹಾಗಿಲ್ಲ. ಸಣ್ಣಕ್ಕ ಬಹಳ ಕಾಲ ಹೊನ್ನಾಜಿಯ ಕೈ ಹಿಡಿದೇ ಕೂರುತ್ತಿದ್ದಳು. ಆಮೇಲೆ ಎಂದೋ ಒಂದು ಶುಕ್ರವಾರ ಆ ಮಾತನ್ನು ತನಗಾಗಿ ತಾನೇ ಹೇಳಿದಳಂತೆ. ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಕೇಳುತ್ತ ತೂಕಡಿಸಿದವರಿಗೂ, ಮನಸ್ಸಿಲ್ಲದಿದ್ದರೂ ಬಂದು ಕೂತವರಿಗೂ ತಾಯಿ ಅದೇ ಫಲ ಕೊಡಲಿ. ಅಕ್ಷತೆ ಹಾಕಿ. ಈಗ ನಾಲ್ಕು ಮಾತು ಹೇಳೋಣ. ನಾಲ್ಕನೆಯದು ನನಗೆ ಇವತ್ತು ಆಗುವುದಿಲ್ಲ ಮಗಳೇ, ನಿನ್ನ ಕೈ ಕೊಡು.