ಕೋರಂ ತುಂಬಿದ ಸಭೆ

ಸಾಯುವವರ ಆರೈಕೆಗೆಂದು ಪ್ರಾಣಿಗಳು ಕಟ್ಟಿಸಿದ ಮನೆಯಲ್ಲಿ ಮುದಿ ಕತ್ತೆಯೊಂದು ಗುಟುಕು ನೀರಿಗಾಗಿ ಬಾಯಿ ಬಾಯಿ ಬಿಡುತ್ತಿತ್ತು. ಆಡಳಿತ ಮಂಡಳಿ ಅದರ ಹಾಸಿಗೆಯ ಸುತ್ತಲೇ ಸಭೆ ಸೇರಿತು.

"ಸಭೆಯ ಒಪ್ಪಿಗೆಯಿಲ್ಲದೆ ಯಾರ ಬಾಯಿಗೂ ಏನೂ ಹಾಕುವಂತಿಲ್ಲ," ಎಂದಿತು ಅಧ್ಯಕ್ಷ ಕೊಕ್ಕರೆ. "ಕೋರಂಗೆ ಒಬ್ಬರು ಕಡಿಮೆ. ರೋಗಿಗಳ ಪ್ರತಿನಿಧಿ ನೀವೇ ಅಲ್ಲವೇ, ಕತ್ತೆರಾಯರೇ? ತಲೆಯಾಡಿಸಿ, ಹಾಜರೆಂದು ಹಿಡಿಯುತ್ತೇವೆ."

ಕತ್ತೆಗೆ ಸಿಟ್ಟೂ ಬಂತು, ನಗುವೂ ಬಂತು. "ನೀರು ಕುಡಿದರೆ ತಾನೇ ಸ್ವಾಮಿ, ತಲೆಯಾಡುವುದು?"

"ಕೋರಂ ಆದರೆ ತಾನೇ ನೀರು?"

ಕತ್ತೆಯ ಉಸಿರು ನಿಂತಿತು, ಕತ್ತು ಜೋತುಬಿತ್ತು.

"ತಲೆಯಾಡಿಸಿದರು," ಎಂದು ಕೊಕ್ಕರೆ ಹಿಗ್ಗಿತು. "ಕೋರಂ ತುಂಬಿತು. ನೀರು ಮಂಜೂರು."

ಸದಸ್ಯ ಕಾಗೆ ಗಂಟಲು ಸರಿಮಾಡಿಕೊಂಡಿತು. "ಇನ್ನು ಪಿಂಡದ ವಿಚಾರ. ಅದಕ್ಕೆ ಕೋರಂ ಬೇಡ, ನಾನೊಬ್ಬನೇ ಸಾಕು."