ಸೌತೆಕಾಯಿಯ ತೊಟ್ಟು

"ಬುದ್ಧಿ, ನಮ್ಮ ಬೆನ್ನ ಹಿಂದೆ ಒಬ್ಬ ಏನು ಮಾಡುತ್ತಿದ್ದಾನೆ ಎಂಬುದನ್ನು ಕಂಡುಹಿಡಿಯುವುದು ಹೇಗೆ?"

ಮರಿಸಿದ್ಧ ಹೀಗೆ ಕೇಳಿದಾಗ ಗುರುಗಳು ಪ್ರಸಾದ ಮುಗಿಸಿ ಮಠದ ಜಗಲಿಯ ಮೇಲೆ ಕುಳಿತಿದ್ದರು. ಮರಿಸಿದ್ಧ ಊಟ ಮಾಡಿರಲಿಲ್ಲ. ಅಂದು ಬಡಿಸುವ ಸರದಿ ಗುರುಮಲ್ಲನದು. ಅವನ ಕೈಯ ಅನ್ನ ತನಗೆ ಬೇಡವೆಂದು ಪಂಕ್ತಿಯಿಂದ ಎದ್ದು ಬಂದಿದ್ದ. ಇಬ್ಬರೂ ಒಟ್ಟಿಗೆ ಮಠ ಸೇರಿದವರು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಆದರೆ ಮರಿಸಿದ್ಧನಿಗೆ ಎಲ್ಲರ ಮೇಲೂ ಗುಮಾನಿ. ಉಗ್ರಾಣದವನೊಡನೆ ಜಗಳವಾಗಿತ್ತು, ಹೂ ತರುವವನೊಡನೆ ಮಾತು ಬಿಟ್ಟಿತ್ತು. ಉಳಿದಿದ್ದವನು ಗುರುಮಲ್ಲ ಒಬ್ಬ. ಈಗ ಅದೂ ಕೆಟ್ಟಿತು.

"ಯಾರ ವಿಷಯ ಹೇಳುತ್ತಿದ್ದೀಯ?" ಎಂದರು ಗುರುಗಳು.

"ಗುರುಮಲ್ಲನ ವಿಷಯ ಬುದ್ಧಿ. ಸಂಜೆಯಾದರೆ ಸಾಕು, ತಮ್ಮ ಕೋಣೆಗೆ ಬಂದು ಕುಳಿತುಬಿಡುತ್ತಾನೆ. ಒಳಗಿನಿಂದ ನನ್ನ ಹೆಸರು ಕೇಳಿಸುತ್ತದೆ. ನಾನು ಬಾಗಿಲಿಗೆ ಬಂದರೆ ಮಾತು ನಿಂತುಹೋಗುತ್ತದೆ. ಇದು ಚಾಡಿಯಲ್ಲದೆ ಮತ್ತೇನು? ಅವನನ್ನು ಬೇರೆ ಮಠಕ್ಕೆ ಕಳುಹಿಸಿಬಿಡಿ."

"ಕೋಸಂಬರಿಯನ್ನೂ ತಿನ್ನಲಿಲ್ಲವೇನಯ್ಯ? ಇವತ್ತು ಬಲು ಚೆನ್ನಾಗಿತ್ತು."

ಮರಿಸಿದ್ಧನಿಗೆ ರೇಗಿತು.

"ಸರಿ, ಹಸಿದ ಹೊಟ್ಟೆಯಲ್ಲೇ ಒಂದು ಕೋಸಂಬರಿಯ ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತ. ತೊಟ್ಟಿಲಲ್ಲಿದ್ದಾಗಲೇ ತಾಯಿ ಹೋದಳು. ಎತ್ತಿ ಆಡಿಸಿ, ತುತ್ತು ಮಾಡಿ ತಿನ್ನಿಸಿ ಬೆಳೆಸಿದವಳು ಅಣ್ಣನ ಹೆಂಡತಿ. ಮುಂದೆ ಅಣ್ಣನೂ ತೀರಿಕೊಂಡ. ರೈತ ಹೊಲ ನೋಡಿಕೊಂಡ, ಅತ್ತಿಗೆ ಮನೆ ನೋಡಿಕೊಂಡಳು. ಅವಳು ಹಾಕಿದ ಗೆರೆಯನ್ನು ಅವನು ದಾಟುತ್ತಿರಲಿಲ್ಲ.

ಅತ್ತಿಗೆ ಮಾಡುವ ಕೋಸಂಬರಿಯೆಂದರೆ ಅವನಿಗೆ ಪ್ರಾಣ. ಅದರಲ್ಲಿ ದೊಡ್ಡ ವಿಶೇಷವೇನೂ ಇರಲಿಲ್ಲ. ಹಿತ್ತಲ ಸೌತೆಕಾಯಿ, ನೆನೆಸಿದ ಹೆಸರುಬೇಳೆ. ಅದಕ್ಕೆ ಕಲಸುವ ಒಗ್ಗರಣೆ ಮನೆಯ ಡಬ್ಬಿಗಳಲ್ಲಿ ಇದ್ದುದರಿಂದಲೇ ಆಗುತ್ತಿತ್ತು. ಒಂದಿಷ್ಟು ಎಣ್ಣೆ, ಸಾಸಿವೆ, ಚಿಟಿಕೆ ಇಂಗು, ಒಣಮೆಣಸಿನಕಾಯಿ. ಮೇಲೆ ನಿಂಬೆಹಣ್ಣು ಹಿಂಡಿ, ಎಲೆಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುತ್ತಿದ್ದಳು.

ಒಂದು ದಿನ ಪಕ್ಕದ ಹೊಲದವನು ಬದುವಿನ ಮೇಲೆ ಕುಳಿತು ರೈತನನ್ನು ರೇಗಿಸಿದ. "ಅತ್ತಿಗೆ ಕೂತ್ಕೋ ಅಂದರೆ ಕೂರುತ್ತೀಯ, ಏಳು ಅಂದರೆ ಏಳುತ್ತೀಯ. ನಿನ್ನನ್ನು ಕೈಯೊಳಗೆ ಇಟ್ಟುಕೊಳ್ಳೋಕೆ ಊಟದಲ್ಲಿ ಏನಾದರೂ ಮದ್ದು ಹಾಕಿದ್ದಾಳೋ ಏನೋ, ನೋಡ್ಕೊಳ್ಳಯ್ಯ!" ಅವನು ನಕ್ಕು ಎದ್ದುಹೋದ. ರೈತನೂ ನಕ್ಕ. ಆದರೆ ಮನೆಗೆ ಬರುವ ದಾರಿಯಲ್ಲಿ ಅವನಿಗೆ ನಗು ಬರಲಿಲ್ಲ.

ಮಾರನೆಯ ದಿನ ಅಡುಗೆಮನೆಯ ಕದದ ಸಂದಿಯಿಂದ ಇಣುಕಿದ. ಅತ್ತಿಗೆ ಸೌತೆಕಾಯಿಯ ತೊಟ್ಟಿನ ತುದಿಯನ್ನು ಕೊಯ್ದಳು. ಕೊಯ್ದ ತುಂಡನ್ನು ಮತ್ತೆ ಕಾಯಿಯ ಮೇಲಿಟ್ಟು ಸುತ್ತಲೂ ಉಜ್ಜಿದಳು. ಬೆಳ್ಳಗೆ ಏನೋ ನೊರೆಯಂತೆ ಕಾಣಿಸಿತು. ಆಮೇಲೆ ತುಂಡನ್ನು ಕಿಟಕಿಯಿಂದ ಆಚೆಗೆ ಎಸೆದಳು. ಸವರಿದ್ದೇನು? ಗುರುತು ಸಿಗಬಾರದೆಂದಲ್ಲವೇ ಎಸೆದದ್ದು? "ಅದೇನು ಅತ್ತಿಗೆ?" ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ ಪುಣ್ಯಾತ್ಮ. ಬೆಕ್ಕಿನ ಹಾಗೆ ಕಾಲು ಎತ್ತಿಟ್ಟುಕೊಂಡು ಹೊರಟುಹೋದ.

"ಇನ್ನು ಮೇಲೆ ಕೋಸಂಬರಿ ನಾನೇ ಮಾಡಿಕೊಳ್ಳುತ್ತೇನೆ. ನೀವು ಹೊರಗಿರಿ" ಎಂದ. ಅತ್ತಿಗೆ ನಕ್ಕು, "ಮಾಡ್ಕೊಳ್ಳಪ್ಪ, ನನಗೂ ಒಂದು ಕೆಲಸ ತಪ್ಪಿತು" ಎಂದು ಪಡಸಾಲೆಗೆ ಬಂದು ಕುಳಿತಳು. ರೈತ ಸೌತೆಕಾಯಿಯನ್ನು ತೊಟ್ಟಿನ ತುದಿ ಸಮೇತ ಕೊಚ್ಚಿದ. ಒಗ್ಗರಣೆ ಸಿಡಿಸಿದ, ನಿಂಬೆ ಹಿಂಡಿದ, ಕಲಸಿದ. ಬಾಯಿಗಿಟ್ಟರೆ ಹಾಳು ಕಹಿ!

ಅಯ್ಯೋ, ಡಬ್ಬಿಗಳಿಗೇ ಮದ್ದು ಬೆರೆಸಿದ್ದಾಳಲ್ಲ ಎಂದುಕೊಂಡ. ಇಂಗು ತಿಪ್ಪೆಗೆ ಹೋಯಿತು. ಮತ್ತೆ ಮಾಡಿದ, ಮತ್ತೆ ಕಹಿ. ಎಣ್ಣೆ ಚೆಲ್ಲಿದ. ಸಾಸಿವೆ ಎಸೆದ. ಉಪ್ಪಿನ ಜಾಡಿಯನ್ನೂ ಬಿಡಲಿಲ್ಲ. ಸಂತೆಗೆ ಹೋಗಿ ಎಲ್ಲವನ್ನೂ ಹೊಸದಾಗಿ ತಂದು, ತಾನೇ ಡಬ್ಬಿ ತೊಳೆದು ತುಂಬಿಸಿ, ಬೀಗ ಜಡಿದು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಕೋಸಂಬರಿ ಆಗಲೂ ಕಹಿಯಾಗಿಯೇ ಇತ್ತು. ಮನೆಯಲ್ಲಿ ಬದಲಾಯಿಸದೆ ಉಳಿದವಳು ಅತ್ತಿಗೆಯೊಬ್ಬಳೇ.

"ನೀವು ತವರಿಗೆ ಹೊರಡಿ" ಎಂದ.

"ಯಾಕಪ್ಪ? ನಾನೇನು ಮಾಡಿದೆ?"

"ನನ್ನ ಊಟಕ್ಕೆ ಏನು ಹಾಕುತ್ತಿದ್ದೀರೋ ನಿಮಗೇ ಗೊತ್ತು."

ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಉಟ್ಟ ಸೀರೆಯಲ್ಲೇ ಹೊರಟುಹೋದಳು.

ಮರಿಸಿದ್ಧ ತಡೆಯಲಾರದೆ, "ಆಮೇಲೆ ಕಹಿ ಹೋಯಿತೇ ಬುದ್ಧಿ?" ಎಂದ.

"ಎಲ್ಲಿ ಹೋಗುತ್ತದೆ! ಬಳ್ಳಿ ಕಾಯಿ ಬಿಡುತ್ತಿತ್ತು, ಇವನು ತಿಂದು ತಿಂದು ಉಗುಳುತ್ತಿದ್ದ" ಎಂದು ಗುರುಗಳು ಮುಂದುವರಿಸಿದರು.

ಒಂದು ಹಬ್ಬದ ದಿನ ಆ ಪಕ್ಕದ ಹೊಲದವನೇ ರೈತನನ್ನು ಊಟಕ್ಕೆ ಕರೆದ. ಒಂಟಿಯಾಗಿದ್ದಾನೆ, ಪಾಪ ಎಂದು ಕರೆದದ್ದು. ರೈತ ಹೋಗಿ ಕುಳಿತ. ಎದುರಿಗೇ ಆ ಮನೆಯ ಹೆಂಗಸು ಸೌತೆಕಾಯಿಯ ತೊಟ್ಟಿನ ತುದಿ ಕೊಯ್ದು, ಅದೇ ತುಂಡಿನಿಂದ ಕಾಯಿಯನ್ನು ಉಜ್ಜತೊಡಗಿದಳು. ಬೆಳ್ಳಗೆ ನೊರೆ ಬಂತು. ರೈತ ಚಂಗನೆ ಎದ್ದು, "ಅದಕ್ಕೇನು ಸವರುತ್ತಿದ್ದೀಯಮ್ಮ?" ಎಂದು ಕೂಗಿದ.

ಗಂಡ ಹೆಂಡತಿ ಇಬ್ಬರೂ ಗೊಳ್ಳೆಂದು ನಕ್ಕರು. "ಸವರುವುದೇನು ಬಂತಯ್ಯ? ಕಾಯಿಯ ಕಹಿ ತೆಗೆಯುತ್ತಿದ್ದಾಳೆ. ಹೀಗೆ ಉಜ್ಜಿ ನೊರೆ ತೆಗೆದು ಆ ತುದಿ ಬಿಸಾಡದಿದ್ದರೆ ಬಾಯಿಗಿಡೋಕಾಗುತ್ತಾ? ನಿಮ್ಮತ್ತಿಗೆ ಮಾಡುತ್ತಿರಲಿಲ್ಲವೇ?" ಎಂದ ಪಕ್ಕದ ಹೊಲದವನು. ತಾನು ಹಿಂದೆ ಆಡಿದ ಮಾತು ಅವನಿಗೆ ನೆನಪೂ ಇರಲಿಲ್ಲ.

ರೈತ ಊಟಕ್ಕೂ ನಿಲ್ಲದೆ ಹೊರಟ. ಅತ್ತಿಗೆಯ ತವರಿಗೆ ಒಂದೇ ಉಸಿರಿನಲ್ಲಿ ನಡೆದ. ಬಾಗಿಲಲ್ಲೇ ಅವಳ ಕಾಲಿಗೆ ಬಿದ್ದು, "ನನ್ನ ಬುದ್ಧಿಗೆ ಮಣ್ಣು ಬಿತ್ತು ಅತ್ತಿಗೆ, ಮನೆಗೆ ಬನ್ನಿ" ಎಂದು ಗೋಳಾಡಿದ. ತಾಯಿಕರುಳು ನೋಡು, ಅವಳು ಬಂದಳು. ಬಂದವಳೇ ಬೀಗ ತೆಗೆಸಿ ಕೋಸಂಬರಿ ಮಾಡಿದಳು. ಅವನ ಮುಂದೆ ಎಲೆ ಹಾಕಿದಳು. ಆದರೆ ಬಡಿಸುವ ಮೊದಲು ತಾನೊಂದು ತುತ್ತು ಬಾಯಿಗೆ ಹಾಕಿಕೊಂಡು, ಅವನಿಗೆ ಕಾಣುವಂತೆ ಅಗಿದು ನುಂಗಿದಳು. "ನೋಡಿದೆಯಲ್ಲ, ಈಗ ಉಣ್ಣಪ್ಪ" ಎಂದಳು.

"ಬೇಡ ಅತ್ತಿಗೆ, ಹೀಗೆ ಮಾಡಬೇಡಿ" ಎಂದು ಅವನು ಅತ್ತ. ಅವಳಿಗೆ ಸಿಟ್ಟೇನೂ ಇರಲಿಲ್ಲ. "ಇರಲಿ ಬಿಡು, ನಿನಗೂ ಧೈರ್ಯ" ಎಂದಳು. ಅವಳು ಬದುಕಿರುವವರೆಗೂ ತಾನು ಮೊದಲು ತಿಂದು ತೋರಿಸದೆ ಅವನಿಗೆ ಒಂದು ಅಗುಳೂ ಬಡಿಸಲಿಲ್ಲ. ಒಂದೇ ಒಂದು ದಿನ ಸುಮ್ಮನೆ ಬಡಿಸಲಿ ಎಂದು ಅವನು ಕಾದದ್ದೇ ಬಂತು.

ಗುರುಗಳು ಕತೆ ನಿಲ್ಲಿಸಿದರು. ಮರಿಸಿದ್ಧನಿಗೆ ಕಣ್ಣು ತುಂಬಿ ಬಂದಿತ್ತು. ಆದರೂ ಒಳಗಿನ ಮುಳ್ಳು ಹೋಗಿರಲಿಲ್ಲ. ಒಳಗೆ ಗುರುಮಲ್ಲ ಎಲ್ಲರಿಗೂ ಬಡಿಸಿಯಾದ ಮೇಲೆ, ತಾನೂ ಉಣ್ಣದೆ, ಮರಿಸಿದ್ಧನ ಎಲೆಯನ್ನು ಮುಚ್ಚಿಟ್ಟು ಕಾಯುತ್ತಿರುವುದು ಜಗಲಿಗೆ ಕಾಣಿಸುತ್ತಿತ್ತು.

"ಅದು ಕತೆಯಾಯಿತು ಬುದ್ಧಿ. ಆದರೆ ತಮ್ಮ ಕೋಣೆಯಲ್ಲಿ ಅವನು ನನ್ನ ಹೆಸರು ಎತ್ತಿದ್ದು ಸುಳ್ಳೇ?"

"ಸುಳ್ಳಲ್ಲ" ಎಂದರು ಗುರುಗಳು. "ನಿನ್ನ ಜಗಳಗಳು ಸಾಕಾಗಿ, ನಿನ್ನನ್ನು ಮಠದಿಂದ ಕಳುಹಿಸಿಬಿಡುತ್ತೇನೆ ಎಂದು ನಾನು ಹೇಳಿದಾಗಲೆಲ್ಲ, ಬೇಡ ಬುದ್ಧಿ ಎಂದು ನನ್ನ ಕಾಲು ಹಿಡಿಯುತ್ತಿದ್ದವನು ಅವನು."