ಗವಿಯ ಗೋಸುಂಬೆ ಮರಿ ಮಾಡಿಸಿದ್ದು

ಕೇಳೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆ ಕಡೆ ಸರೀರಿ.

ಒಂದೂರಲ್ಲಿ ಲಕ್ಕವ್ವ ಅಂತ ಒಬ್ಬಳಿದ್ದಳು. ಅವಳಿಗೆ ಗವಿಯ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ, ಆ ತಲೆಯೊಳಗೆ ಮಾತ್ರ ಬರೀ ಗಾಳಿ. ಮೈಗಳ್ಳ ಅಲ್ಲ ಮತ್ತೆ! ಹೇಳಿದ್ದನ್ನ ಚಾಚೂ ತಪ್ಪದೆ ಮಾಡುವನು. ಅದೇ ತೊಂದರೆ. "ಎಮ್ಮೆ ಜತೆ ಕೆರೆಗೆ ಹೋಗ್ಬಾರೋ" ಅಂದರೆ ಎಮ್ಮೆ ಪಕ್ಕದಲ್ಲೇ ಸಂಜೆವರೆಗೆ ಕೆಸರಲ್ಲಿ ಮಲಗಿದ್ದು ಬರುವನು.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಲಕ್ಕವ್ವ ಏಳೂರು ಸುತ್ತಿ ಕಾಲು ಸವೆಸಿದಳು. ಕೊನೆಗೆ ಪಕ್ಕದೂರಿನ ಜವರಪ್ಪನ ಮಗಳು ದುಗ್ಗಿ ಒಪ್ಪಿದಳು. ಈ ದುಗ್ಗಿಗೂ ಒಂದು ಹುಚ್ಚು. ಗೋಸುಂಬೆ ಕಂಡರೆ ಊರೆಲ್ಲ ಕಲ್ಲು ಹೊಡೆಯುತ್ತಿತ್ತು, ಇವಳು ಹೆಗಲ ಮೇಲೆ ಕೂರಿಸಿಕೊಂಡು ನೀರಿಗೆ ಹೋಗುತ್ತಿದ್ದಳು.

"ನನ್ನ ಗೋಸುಂಬೆ ಜೋಡಿ ಕೊಡ್ತೀನಿ. ಮರಿ ಮಾಡಿಸಿ, ಸಾಕಿ ತೋರ್ಸಿದ್ರೆ ಕಟ್ಕೋತೀನಿ. ಹೇಳಿದ ಮಾತು ಕೇಳೋ ಗಂಡು ನಂಗೆ ಸಾಕು!" ಅಂದಳು ದುಗ್ಗಿ.

"ಹೂಂ, ಕೊಟ್ಟೆ ಮಾತು!" ಅಂದ ಜವರಪ್ಪ. ಅವನ ಮಾತು ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು, ಅದು ಬೇರೆ ವಿಷಯ.

ಲಕ್ಕವ್ವ ಪಂಜರ ತಂದು ಮಗನ ಮುಂದಿಟ್ಟಳು. "ಲೋ ಗವಿಯಾ, ಇದೊಂದು ಕೈತಪ್ಪಿದ್ರೆ ನಿಂಗೆ ಹೆಣ್ಣು ಕೊಡೋರು ಭೂಮಿ ಮೇಲಿಲ್ಲ. ನಾನು ಸತ್ರೆ ನಿಂಗೆ ಅನ್ನ ಹಾಕೋರು ಯಾರೋ? ಎರಡನ್ನೂ ಒಂದೇ ಕೊಂಬೆ ಮೇಲೆ ಬಿಡು. ಸುಮ್ನೆ ನೋಡ್ತಿರು!"

ಗವಿಯ ಬಿಟ್ಟ. ಸುಮ್ಮನೆ ನೋಡಿದ. ಹೆಣ್ಣು ಊದಿಕೊಂಡಿತು, ಕರ್ರಗಾಯಿತು, ಬಾಯಿ ಕಳೆದು ಬುಸ್ ಅಂತು, ಗಂಡಿನ ಬಾಲ ಹಿಡಿದು ಕಚ್ಚಿತು. ಗವಿಯ ಸುಮ್ಮನೆ ನೋಡಿದ. ಗಂಡು ತಲೆಕೆಳಗಾಗಿ ನೇತಾಡಿತು. ಗವಿಯ ಸುಮ್ಮನೆ ನೋಡಿದ!

"ಅಯ್ಯೋ ನಿನ್ನ ಕಣ್ಣಿಗೆ ಮಣ್ಣು ಹಾಕ!" ಅಂತ ಲಕ್ಕವ್ವ ಓಡಿಬಂದಳು. "ಹೆಣ್ಣು ಕಪ್ಪಾದ್ರೆ ಅದಕ್ಕೆ ಇಷ್ಟ ಇಲ್ಲ ಅಂತ ಅಲ್ವೇನೋ! ಕಪ್ಪಾಗಿದ್ದು ಕಂಡ ತಕ್ಷಣ ಗಂಡನ್ನ ಎಳ್ದು ಬೇರೆ ಕಡೆ ಕೂಡಿಹಾಕು!"

"ಆಗ್ಲವ್ವಾ!"

ಮಾರನೆ ದಿನ ಪಕ್ಕದ ಮನೆಗೆ ಬೆಂಕಿ ತರಲು ಹೋದ. ಆ ಮನೆಯ ಕಾಳಕ್ಕ ಹಸಿ ಸೌದೆ ಊದಿ ಊದಿ ಮುಖವೆಲ್ಲ ಮಸಿ ಮಾಡಿಕೊಂಡಿದ್ದಳು. ಗಂಡ ಎದುರಿಗೆ ಮುದ್ದೆ ನುಂಗುತ್ತಿದ್ದ. ಗವಿಯ ನೋಡಿದ. ಕಪ್ಪು! ಗಬಕ್ಕನೆ ಗಂಡನ ಕಾಲು ಹಿಡಿದ, ದರದರ ಎಳೆದ, ಕೊಟ್ಟಿಗೆಗೆ ಹಾಕಿ ಅಗುಳಿ ಜಡಿದ.

"ನಿನ್ನ ಹೆಂಡ್ತಿಗೆ ಇಷ್ಟ ಇಲ್ಲ ಕಣಣ್ಣಾ!" ಅಂದ.

"ನಂಗೆ ಹೆಂಗೆ ಗೊತ್ತಾಗ್ಬೇಕು? ಮದುವೆ ಆಗಿ ಇಷ್ಟು ವರ್ಷದಾಗೆ ಅವ್ಳು ಹೇಳೇ ಇಲ್ವಲ್ಲಾ!" ಅಂತ ಒಳಗಿಂದ ಅವನು ಗೋಳಾಡಿದ. ಕಾಳಕ್ಕ ನಕ್ಕು ನಕ್ಕು ಬಾಗಿಲು ತೆಗೆಯೋದನ್ನೇ ಮರೆತಳು.

ಲಕ್ಕವ್ವ ಹಣೆ ಚಚ್ಚಿಕೊಂಡಳು. "ಊರೋರ ಗಂಡ ಹೆಂಡ್ತಿ ಉಸಾಬರಿ ನಿಂಗ್ಯಾಕೋ! ಮನೇಲಿ ಕೂತ್ಕೋ. ನಮ್ಮ ಹೆಣ್ಣು ಗೋಸುಂಬೆ ಆಗ್ಲೇ ಬಸುರಿ, ಅದಕ್ಕೇ ಗಂಡನ್ನ ಕಚ್ಚಿದ್ದು. ಅದು ನೆಲ ಕೆರೆದ್ರೆ ತಡೀಬೇಡ. ಆಮೇಲೆ ಏನು ಮಾಡಬೇಕೋ ಅದನ್ನ ಶಾಸ್ತ್ರವಾಗಿ ಮಾಡು!"

"ಆಗ್ಲವ್ವಾ!"

ಹೆಣ್ಣು ಗೋಸುಂಬೆ ಕೊಂಬೆ ಇಳಿದು ಹಿತ್ತಿಲಲ್ಲಿ ನೆಲ ಕೆರೆಯಿತು. ಗುಂಡಿ ತೋಡಿತು, ಒಳಗೆ ಏನೋ ಇಟ್ಟಿತು, ಮಣ್ಣು ಮುಚ್ಚಿತು, ಸೋತು ಸೊರಗಿ ಆಚೆ ಬಂತು. ಗವಿಯ ತಲೆ ಕೆರೆದುಕೊಂಡ. ಗುಂಡಿ ತೋಡಿ ಮಣ್ಣು ಮುಚ್ಚೋದು ಯಾವಾಗ? ಯಾರಾದರೂ ಸತ್ತಾಗ! ಪಾಪ, ಯಾರು ಸತ್ತರೋ ಅಂತ ಗೊಳೋ ಅಂತ ಅತ್ತ. ಮೂರನೇ ದಿನ ತಲೆ ಬೋಳಿಸಿಕೊಂಡು ಬಂದು ಗುಡ್ಡೆ ಮೇಲೆ ಹಾಲು ತುಪ್ಪ ಬಿಟ್ಟ. ಕಾಗೆ ಕರೆದು ಅನ್ನ ಇಟ್ಟ.

ತುಪ್ಪದ ವಾಸನೆಗೆ ಊರಿನ ಇರುವೆಯೆಲ್ಲ ಬಂತು. ಲಕ್ಕವ್ವ ಕಿರುಚಿಕೊಂಡು ಬೂದಿ ತಂದು ಸುತ್ತ ಸುರಿದಳು.

"ಅವು ಮೊಟ್ಟೆ ಕಣೋ, ಮೊಟ್ಟೆ! ಇನ್ನೂ ಹುಟ್ಟೇ ಇಲ್ಲ, ಆಗ್ಲೇ ತಿಥಿ ಮಾಡಿಬಿಟ್ಯಲ್ಲೋ! ಅವು ಬೀಜ ಇದ್ದಂಗೆ. ತೇವ ಆರಬಾರ್ದು, ಹಕ್ಕಿ ಕೆದಕಬಾರ್ದು. ಬಿತ್ತಿದ ಹೊಲ ಹೆಂಗೆ ಕಾಯ್ತಾರೋ ಹಂಗೆ ಕಾಯಿ!"

"ಆಗ್ಲವ್ವಾ!"

ಬಿತ್ತಿದ ಹೊಲಕ್ಕೆ ಏನು ಬೇಕು? ಬೆರ್ಚಪ್ಪ ಬೇಕು. ಗವಿಯ ಕೋಲಿಗೆ ಕೋಲು ಕಟ್ಟಿದ, ಮಡಕೆಯನ್ನ ತಲೆ ಮಾಡಿದ. ಉಡಿಸೋಕೆ ಬಟ್ಟೆ ಬೇಕಲ್ಲ! ಬೀಗರ ಮುಂದೆ ಉಡೋಕೆ ಅಂತ ಅವ್ವ ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ ಸೀರೆಯನ್ನೇ ತಂದು ಉಡಿಸಿದ, ಸೆರಗು ಹೊದಿಸಿದ.

ಅವತ್ತೇ ಜವರಪ್ಪ ಬರಬೇಕೆ! ಹಿತ್ತಿಲಿಗೆ ಬಂದ, ಸೀರೆ ಕಂಡ, ಕೈ ಮುಗಿದ. "ಏನವ್ವಾ ಲಕ್ಕವ್ವಾ, ಚೆಂದಾಗಿದೀಯಾ?" ಉತ್ತರ ಇಲ್ಲ. "ಮಳೆ ಬೆಳೆ ಹೆಂಗೆ?" ಉತ್ತರ ಇಲ್ಲ. "ಮನೆ ಬಾಗ್ಲಿಗೆ ಬಂದ ಬೀಗನ್ನ ಕೂತ್ಕೋ ಅನ್ನೋದೂ ಇಲ್ವಾ!" ಅಂತ ಸಿಟ್ಟಿಗೆದ್ದು ಹತ್ತಿರ ಹೋದ. ಅಷ್ಟರಲ್ಲಿ ಗಾಳಿ ಬೀಸಿತು. ಬೆರ್ಚಪ್ಪನ ಕೈ ತಿರುಗಿ ಜವರಪ್ಪನ ಕೆನ್ನೆಗೆ ಫಟಾರ್ ಅಂತ ಬಿತ್ತು!

"ಈ ಸಂಬಂಧ ಬೇಡ! ಬೀಗಿತಿ ಕೈಲಿ ಏಟು ತಿಂದವ್ನು ಅಂತ ಹೆಸರು ಬೇಡ!" ಅಂತ ಕೂಗಾಡುತ್ತ ಹೋದ. ಮನೆಯಲ್ಲಿ ದುಗ್ಗಿ ಕೇಳಿದಳು, "ಮೊಟ್ಟೆ ಹೆಂಗವೆ?" "ಚೆನ್ನಾಗಿ ಕಾಯ್ತಾವ್ನೆ" ಅಂದುಬಿಟ್ಟ ಬಾಯಿ ತಪ್ಪಿ. "ಹಂಗಾದ್ರೆ ಮಾತು ಮಾತೇ" ಅಂದಳು ದುಗ್ಗಿ.

ಇತ್ತ ಲಕ್ಕವ್ವ ಸೀರೆ ಒಗೆಯುತ್ತ ಮಗನನ್ನೂ ಒಗೆದಳು.

ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಮಣ್ಣು ಅಲುಗಿತು. ಉಗುರಿನಷ್ಟು ಉಗುರಿನಷ್ಟು ಮರಿಗಳು, ಎಲ್ಲಕ್ಕೂ ಬಾಲ ಸುರುಳಿ, ಎಲ್ಲಕ್ಕೂ ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ! ಗವಿಯ ಆನಂದಕ್ಕೆ ಕುಣಿಯಬೇಕು ಅಂದುಕೊಂಡ. ತುಳಿದುಬಿಟ್ಟೇನು ಅಂತ ನಿಂತಲ್ಲೇ ತಲೆ ಮಾತ್ರ ಆಡಿಸಿದ.

"ಹೊಟ್ಟೆಗೆ ಏನು ಹಾಕ್ಲವ್ವಾ?"

"ಸಣ್ಣ ನೊಣ ಹಾಕು. ಬೆಲ್ಲ ಸವರಿದ್ರೆ ನೊಣ ಬರ್ತವೆ. ನೀರನ್ನ ತಟ್ಟೇಲಿ ಇಡಬೇಡ, ಹನಿ ಹನಿ ಚಿಮುಕಿಸು!"

"ಎಲ್ಲಿಗೆ ಸವರಲವ್ವಾ?"

"ನನ್ನ ತಲೆಗೆ ಸವರು!" ಅಂತ ಬೇಸತ್ತು ಹೇಳಿ ಲಕ್ಕವ್ವ ಮಲಗಿದಳು.

ಎದ್ದಾಗ ತಲೆ ತುಂಬ ಜೋನಿಬೆಲ್ಲ, ಬೆಲ್ಲದ ತುಂಬ ನೊಣ, ಕೂದಲ ತುಂಬ ಗೋಸುಂಬೆ ಮರಿ! ಪಟ್ ಪಟ್ ಅಂತ ನಾಲಿಗೆ ಚಾಚಿ ನೊಣ ಹಿಡಿಯುತ್ತಿದ್ದವು. ಗವಿಯ ಬಾಯಲ್ಲಿ ನೀರು ತುಂಬಿಕೊಂಡು ಫುರ್ ಅಂತ ಅವ್ವನ ಮುಖಕ್ಕೆ ಚಿಮುಕಿಸುತ್ತಿದ್ದ.

"ಲೋ ಮುಂಡೇಗಂಡಾ!" ಅಂತ ಲಕ್ಕವ್ವ ಏಳಹೋದಳು.

"ಅಲ್ಲಾಡಬೇಡವ್ವೋ! ಊಟ ಮಾಡ್ತಾವೆ!"

ಅವಳು ಅಲ್ಲಾಡಲಿಲ್ಲ. ಏನು ಮಾಡ್ತಾಳೆ? ಮಗನಿಗೆ ಮದುವೆ ಆಗಬೇಕಲ್ಲ! ಮರಿಗಳು ಬಲಿಯೋವರೆಗೂ ದಿನಾ ಬೆಳಿಗ್ಗೆ ಬೆಲ್ಲ ಹಚ್ಚಿಸಿಕೊಂಡು ಕೂತಳು, ಬೈಯುತ್ತಲೇ ಕೂತಳು. ಮರಿಗಳು ದುಂಡಗಾದವು.

ದುಗ್ಗಿ ನೋಡಲು ಬಂದಳು. ಅತ್ತೆಯ ತಲೆ ನೋಡಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಗವಿಯನ ಕಡೆ ತಿರುಗಿ ಅಂದಳು: "ಒಂದೂ ಸಾಯಲಿಲ್ವಲ್ಲೋ! ಭಲೇ! ಈಗ ಅವು ದೊಡ್ಡವಾದ್ವು. ಒಂದರ ಮುಖ ಒಂದು ನೋಡಿದ್ರೆ ಕಚ್ಚಾಡಿ ಸಾಯ್ತವೆ. ನಡುವೆ ಪರದೆ ಕಟ್ಟು. ಯಾರು ಹೇಳಿದ್ರೂ ತೆಗೀಬೇಡ!"

"ಆಗ್ಲಿ ದುಗ್ಗೀ!" ಅಂದ ಗವಿಯ. ಮರಿಗೊಂದು ಪರದೆ ಕಟ್ಟಿದ.

ಮದುವೆ ಬಂತು. ಹಸೆಮಣೆ ಮೇಲೆ ಗಂಡು ಈ ಕಡೆ, ಹೆಣ್ಣು ಆ ಕಡೆ, ಶಾಸ್ತ್ರದಂತೆ ನಡುವೆ ಅಂತರಪಟ ಹಿಡಿದರು. ಮುಹೂರ್ತ ಆಯಿತು. "ಪರದೆ ಸರಿಸ್ರಪ್ಪಾ!" ಅಂದರು ಪುರೋಹಿತರು.

"ತೆಗೆದ್ರೆ ಕೈ ಮುರೀತೀನಿ!" ಅಂತ ಗವಿಯ ಗರ್ಜಿಸಿದ. "ಮುಖ ನೋಡಿದ್ರೆ ಕಚ್ಚಾಡಿ ಸಾಯ್ತೀವಿ! ದುಗ್ಗೀನೇ ಹೇಳವ್ಳೆ!"

ವಾಲಗದವರು ಊದೋದು ನಿಲ್ಲಿಸಿ ನಕ್ಕರು. ಲಕ್ಕವ್ವ ಅತ್ತಳು. ಪುರೋಹಿತರು ಬೆವರಿದರು. "ಮುಹೂರ್ತ ಮೀರ್ತದೆ! ಪರದೆ ಮೇಲಿಂದಲೇ ಕಟ್ಟಯ್ಯಾ ಮಾರಾಯ!"

ಗವಿಯ ತಾಳಿ ಹಿಡಿದ, ಕಣ್ಣೂ ಬಿಗಿಯಾಗಿ ಮುಚ್ಚಿದ, ಕೈ ಆಚೆ ಚಾಚಿದ. ಅದೇ ಹೊತ್ತಿಗೆ ಜವರಪ್ಪ, "ಈ ಮದುವೆನೇ ಬೇಡ! ಮಾತೂ ಬೇಡ, ಕತೆಯೂ ಬೇಡ! ಏಳೇ ಮ್ಯಾಕೆ!" ಅಂತ ಮಗಳನ್ನ ಎಬ್ಬಿಸಲು ಬಗ್ಗಿದ. ಬಗ್ಗಿದ ಕುತ್ತಿಗೆ ಗವಿಯನ ಕೈಗೆ ಸಿಕ್ಕಿತು. ಒಂದು ಗಂಟು! ಎರಡು ಗಂಟು! ಮೂರು ಗಂಟು!

"ಅವ್ವಾ, ಕಟ್ಟಿದೆ! ಹೆಣ್ಣಿಗೆ ಮೀಸೆ ಐತೆ, ಆದ್ರೂ ಬಿಡಲಿಲ್ಲ!" ಅಂತ ಗವಿಯ ಕೂಗಿದ.

ಚಪ್ಪರಕ್ಕೆ ಚಪ್ಪರವೇ ನಗೆಯಲ್ಲಿ ಉರುಳಿತು. ಜವರಪ್ಪ ತಾಳಿ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟ. ದುಗ್ಗಿ ಎದ್ದು ನಿಂತಳು, ಸೊಂಟದ ಮೇಲೆ ಕೈ ಇಟ್ಟಳು.

"ಅಪ್ಪಾ, ಈ ಮನೆಯಿಂದ ಒಬ್ಬರು ಅವನ ಮನೆಗೆ ಹೋಗ್ಲೇಬೇಕು. ನಾನು ಹೋಗ್ಲೋ, ನೀನು ಹೋಗ್ತೀಯೋ?"

"ನೀನೇ ಹೋಗವ್ವಾ ತಾಯಿ!" ಅಂದ ಜವರಪ್ಪ. ಅವನು ಹುಟ್ಟಿದ ಮೇಲೆ ಬದಲಾಯಿಸದೆ ಇದ್ದ ಮಾತು ಅದೊಂದೇ.

ಲಕ್ಕವ್ವ ಬೀಗನ ಕುತ್ತಿಗೆಯ ಗಂಟನ್ನ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ದುಗ್ಗಿ ಗವಿಯನ ಎರಡೂ ಕೈ ಹಿಡಿದು ತನ್ನ ಕುತ್ತಿಗೆಗೆ ತಂದುಕೊಂಡು ತಾಳಿ ಕಟ್ಟಿಸಿಕೊಂಡಳು. ಅಷ್ಟಾದರೂ ಅವನು ಕಣ್ಣು ಬಿಡಲಿಲ್ಲ, ಪರದೆಯನ್ನೂ ಬಿಡಲಿಲ್ಲ, ಹೆಗಲ ಮೇಲೆ ಹಾಕಿಕೊಂಡೇ ಮನೆಗೆ ಹೊರಟ. ಅವರ ಪರದೆ ಅವರಿಗಿರಲಿ, ನಮಗೆ ನಿದ್ದೆ ಬರಲಿ.